ಲಾವಂಚದ ಕಂಪು: ಮಣ್ಣಿನ ವಾಸನೆಯ ಧಾರಣೆ ಮತ್ತು ಆಸ್ವಾದ

ಕನ್ನಡ ವಿಮರ್ಶೆಯಲ್ಲಿ ‘ಮಣ್ಣಿನ ವಾಸನೆ’, ‘ದೇಸಿ ಸೊಗಡು’ ಎಂಬ ಮಾತುಗಳು ಬಹುಕಾಲದಿಂದ ಬಳಕೆಯಲ್ಲಿವೆ. ಕೃತಿಯೊಂದರ ಭಾಷೆ ನಿರ್ದಿಷ್ಟ ನೆಲಕ್ಕೆ ಸೇರಿದ್ದು ಎಂದು ಸೂಚಿಸಬೇಕಾದಾಗಲೆಲ್ಲ ಈ ಮಾತುಗಳು ತಾವಾಗಿಯೇ ಒದಗಿ ಬರುತ್ತವೆ. ಆದರೆ ರೂಪಕಗಳಾಗಿ ಇವು ಎಷ್ಟು ಸವೆದಿವೆಯೆಂದರೆ, ಇವುಗಳ ಹಿಂದೆ ಮೂಗಿನಿಂದ ಅರಿಯಬೇಕಾದ ಒಂದು ಅನುಭವವಿದೆ ಎಂಬುದೇ ಮರೆತುಹೋದಂತಿದೆ. ಮಣ್ಣಿನ ವಾಸನೆಯನ್ನು ಮೈಗೆ ಲೇಪಿಸಿಕೊಳ್ಳುವ, ನೀರಿಗೆ ಬೆರೆಸುವ, ಬಟ್ಟೆಯ ನಡುವೆ ಇರಿಸುವ ದೀರ್ಘ ಪರಂಪರೆಯೊಂದು ಭಾರತದಲ್ಲಿದೆ. ಅದರ ಕೇಂದ್ರದಲ್ಲಿರುವುದು ಲಾವಂಚದ ಬೇರು. ಈ ಬೇರಿನ ಕಂಪನ್ನು ಧರಿಸುವ ಮತ್ತು ಆಸ್ವಾದಿಸುವ ಬಗೆ ಯಾವುದು, ಅದು ಹೂವಿನ ಪರಿಮಳದ ಆಸ್ವಾದಕ್ಕಿಂತ ಹೇಗೆ ಭಿನ್ನ, ಅದನ್ನು ಹೇಳಲು ಕನ್ನಡದಲ್ಲಿರುವ ಪದಸಾಮಗ್ರಿ ಎಂತಹುದು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಪ್ರಾಚೀನ ಪಠ್ಯಗಳನ್ನು ಓದುವ, ಟಿಪ್ಪಣಿ ಬರೆಯುವ, ತರಗತಿಯಲ್ಲಿ ವಿವರಿಸುವ ಕೆಲಸಕ್ಕೂ ಈ ಪ್ರಶ್ನೆಗಳಿಗೂ ನೇರವಾದ ಸಂಬಂಧವಿದೆ.

೧. ಹೆಸರುಗಳು

ಲಾವಂಚ ಹುಲ್ಲಿನ ಜಾತಿಗೆ ಸೇರಿದ ಬಹುವಾರ್ಷಿಕ ಸಸ್ಯ. ಜೋಳದ ದೂರದ ಬಂಧು. ಇದರ ಇಂದಿನ ಸಸ್ಯಶಾಸ್ತ್ರೀಯ ನಾಮ ಕ್ರೈಸೊಪೊಗಾನ್ ಜಿಜಾನಿಯಾಯ್ಡಿಸ್. ಹಿಂದೆ ಇದನ್ನು ವೆಟಿವೇರಿಯ ಎಂಬ ಕುಲದಲ್ಲಿ ಸೇರಿಸಲಾಗಿತ್ತು. ಆ ಕುಲನಾಮಕ್ಕೂ ಯುರೋಪಿನ ಭಾಷೆಗಳಲ್ಲಿರುವ ‘ವೆಟಿವರ್’ ಎಂಬ ಪದಕ್ಕೂ ಮೂಲ ತಮಿಳಿನ ‘ವೆಟ್ಟಿವೇರ್’. ಅದರ ಉತ್ತರಪದವಾದ ‘ವೇರ್’ ಕನ್ನಡದ ‘ಬೇರು’ ಪದದ ಸಜಾತೀಯ ರೂಪ. ಪದಾದಿಯ ವಕಾರ ಕನ್ನಡದಲ್ಲಿ ಬಕಾರವಾಗುವುದು ತಿಳಿದ ಸಂಗತಿಯೇ. ಪೂರ್ವಪದವನ್ನು ಕಡಿ, ಅಗೆ ಎಂಬರ್ಥದ ‘ವೆಟ್ಟು’ ಧಾತುವಿಗೆ ಸೇರಿಸುವುದು ರೂಢಿ. ಹೀಗೆ ಪ್ಯಾರಿಸ್ಸಿನ ಸುಗಂಧದ ಸೀಸೆಗಳ ಮೇಲೆ ಅಚ್ಚಾಗುವ ಹೆಸರಿನೊಳಗೆ ನೆಲವನ್ನು ಅಗೆದು ತೆಗೆದ ಬೇರು ಎಂಬ ದ್ರಾವಿಡ ಅರ್ಥ ಅಡಗಿದೆ.

ಸಂಸ್ಕೃತದಲ್ಲಿ ಗಿಡಕ್ಕೂ ಬೇರಿಗೂ ಬೇರೆ ಬೇರೆ ಹೆಸರುಗಳಿವೆ. ಅಮರಕೋಶವು ಹುಲ್ಲನ್ನು ‘ವೀರಣ’ ಎಂದೂ ಅದರ ಬೇರನ್ನು ‘ಉಶೀರ’ ಎಂದೂ ಕರೆದು, ಬೇರಿಗೆ ಅಭಯ, ನಲದ, ಸೇವ್ಯ, ಜಲಾಶಯ, ಲಾಮಜ್ಜಕ ಮೊದಲಾದ ಪರ್ಯಾಯಗಳನ್ನು ಕೊಡುತ್ತದೆ. ಕನ್ನಡದ ಲಾಮಂಚ, ಲಾವಂಚ ರೂಪಗಳೂ ಮಲಯಾಳದ ‘ರಾಮಚ್ಚಂ’, ತಮಿಳಿನ ‘ಇಲಾಮಿಚ್ಚೈ’ ರೂಪಗಳೂ ಲಾಮಜ್ಜಕದೊಂದಿಗೆ ಒಂದೇ ಗುಂಪಿಗೆ ಸೇರುತ್ತವೆ. ಹೆಸರು ಬೇರಿಗೆ ಹೊರತು ಗಿಡಕ್ಕಲ್ಲ ಎಂಬ ಅಮರಸಿಂಹನ ವಿವೇಕ ಗಮನಾರ್ಹವಾದುದು. ಕಣ್ಣಿಗೆ ಕಾಣುವ ಹುಲ್ಲಿಗೆ ಹೇಳಿಕೊಳ್ಳುವಂತಹ ಕಂಪಿಲ್ಲ. ಕಾಣದ ಬೇರಿನಲ್ಲಿಯೇ ಇದರ ಬೆಲೆಯೆಲ್ಲ ಇದೆ.

ಕನ್ನಡದಲ್ಲಿ ಇದಕ್ಕಿರುವ ಮತ್ತೊಂದು ಹೆಸರು ‘ಮುಡಿವಾಳ’. ಇದನ್ನು ‘ಮುಡಿ’ ಮತ್ತು ‘ಬಾಳ’ ಎಂದು ಬಿಡಿಸಬಹುದು. ಆದೇಶಸಂಧಿಯಿಂದ ಬಕಾರಕ್ಕೆ ವಕಾರ ಬಂದಿದೆ. ಮುಡಿ ಎಂದರೆ ತಲೆಗೂದಲ ಗಂಟು. ಕ್ರಿಯಾಪದವಾಗಿ ತಲೆಯಲ್ಲಿ ಧರಿಸು. ಬಾಳ ಎಂಬುದು ಕೂದಲೆಂಬ ಅರ್ಥದ ಸಂಸ್ಕೃತದ ವಾಲ ಅಥವಾ ಬಾಲ ಶಬ್ದಕ್ಕೆ ಸಂಬಂಧಿಸಿದ್ದು. ಕೂದಲಿನಂತೆ ಎಳೆ ಎಳೆಯಾದ ಬೇರಿಗೆ ಈ ಹೆಸರು ಒಪ್ಪುತ್ತದೆ.

ಆದರೆ ಇಲ್ಲಿಯೇ ಪಠ್ಯಸಂಪಾದಕರು ಎಚ್ಚರ ವಹಿಸಬೇಕಾದ ಸಂಗತಿಯೊಂದಿದೆ. ಸಂಸ್ಕೃತದ ಬಾಲಕ ಅಥವಾ ಹ್ರೀಬೇರ ಎಂಬ ದ್ರವ್ಯವೂ ಉಶೀರವೂ ಒಂದೇ ಅಲ್ಲ. ಚರಕಸಂಹಿತೆಯು ಉರಿ ಶಮನಗೊಳಿಸುವ ಹತ್ತು ದ್ರವ್ಯಗಳ ಗಣದಲ್ಲಿ ಉಶೀರ, ಹ್ರೀಬೇರ ಎರಡನ್ನೂ ಪ್ರತ್ಯೇಕವಾಗಿ ಎಣಿಸಿದೆ. ವರಾಹಮಿಹಿರನ ಬೃಹತ್ಸಂಹಿತೆಯ ಗಂಧಯುಕ್ತಿ ಅಧ್ಯಾಯದಲ್ಲಿಯೂ ವಾಲಕ, ಉಶೀರಗಳು ಬೇರೆ ಬೇರೆಯಾಗಿಯೇ ಬರುತ್ತವೆ. ಹ್ರೀಬೇರವನ್ನು ಆಯುರ್ವೇದಜ್ಞರು ಸಾಮಾನ್ಯವಾಗಿ ದಾಸವಾಳದ ಕುಟುಂಬದ ಪವೋನಿಯ ಓಡೊರಾಟ ಎಂಬ ಸಸ್ಯದೊಂದಿಗೆ ಗುರುತಿಸುತ್ತಾರೆ. ಮರಾಠಿಯ ‘ವಾಳಾ’, ಕನ್ನಡದ ‘ಬಾಳದ ಬೇರು’ ಎಂಬ ಬಳಕೆಗಳಲ್ಲಿ ಈ ಎರಡು ದ್ರವ್ಯಗಳ ಹೆಸರುಗಳು ಒಂದರೊಳಗೊಂದು ಬೆರೆತಿವೆ. ಆದ್ದರಿಂದ ಹಳೆಯ ಪಠ್ಯವೊಂದರಲ್ಲಿ ‘ಬಾಳ’ ಎಂದು ಬಂದೊಡನೆ ಲಾವಂಚವೆಂದು ಅರ್ಥ ಬರೆಯುವುದು ಸಾಧುವಲ್ಲ. ಅದೇ ಪಟ್ಟಿಯಲ್ಲಿ ಲಾಮಂಚವೋ ಉಶೀರವೋ ಪ್ರತ್ಯೇಕವಾಗಿ ಇದೆಯೇ ಎಂಬುದನ್ನು ಮೊದಲು ನೋಡಬೇಕು. ಹಿಂದಿಯಿಂದ ಅನುವಾದಿಸುವವರಿಗೂ ಇಂತಹುದೇ ತೊಡಕು ಎದುರಾಗುತ್ತದೆ: ಅಲ್ಲಿನ ‘ಖಸ್’ ಲಾವಂಚ; ‘ಖಸ್‌ಖಸ್’ ನಮ್ಮ ಗಸಗಸೆ.

೨. ಶಾಸ್ತ್ರ ಮತ್ತು ಕಾವ್ಯಗಳಲ್ಲಿ

ನ್ಯಾಯವೈಶೇಷಿಕ ದರ್ಶನಗಳ ಪ್ರಕಾರ ಗಂಧವು ಪೃಥ್ವಿಗೆ ಮಾತ್ರ ಸೇರಿದ ಗುಣ. ನೀರಿನಲ್ಲಿಯೋ ಗಾಳಿಯಲ್ಲಿಯೋ ವಾಸನೆ ತೋರಿದರೆ ಅದು ಅಲ್ಲಿ ಬೆರೆತ ಪಾರ್ಥಿವಾಂಶದ್ದು. ಅನ್ನಂಭಟ್ಟನ ತರ್ಕಸಂಗ್ರಹವು ಭೂಮಿಯ ಲಕ್ಷಣವನ್ನು ಗಂಧದಿಂದಲೇ ನಿರೂಪಿಸುತ್ತದೆ. ಈ ದೃಷ್ಟಿಯಲ್ಲಿ ಎಲ್ಲ ವಾಸನೆಯೂ ಮೂಲತಃ ಮಣ್ಣಿನ ವಾಸನೆಯೇ. ಆದರೆ ಇದೇ ಶಾಸ್ತ್ರ ರಸವನ್ನು ಆರು ಬಗೆಯಾಗಿ ವಿಂಗಡಿಸಿ, ಗಂಧವನ್ನು ಸುರಭಿ, ಅಸುರಭಿ ಎಂಬ ಎರಡೇ ಬಗೆಗೆ ನಿಲ್ಲಿಸುತ್ತದೆ. ಲಾವಂಚದಂತಹ ಕಂಪಿಗೆ ಈ ವಿಂಗಡಣೆ ಸಾಲದು. ಹಸಿಮಣ್ಣಿನ, ಒಗರಿನ, ಸ್ವಲ್ಪ ಹೊಗೆಯ ವಾಸನೆ ಹೂವಿನ ಅರ್ಥದಲ್ಲಿ ಸುರಭಿಯಲ್ಲ. ಅಸುರಭಿಯಂತೂ ಅಲ್ಲವೇ ಅಲ್ಲ.

ದರ್ಶನಶಾಸ್ತ್ರ ಬಿಟ್ಟುಕೊಟ್ಟ ಈ ನೆಲೆಯನ್ನು ತುಂಬಿದವು ವೈದ್ಯ, ಗಂಧಯುಕ್ತಿ ಮತ್ತು ಕಾವ್ಯ. ವೈದ್ಯದಲ್ಲಿ ಉಶೀರದ ಮುಖ್ಯ ಗುಣ ತಂಪು. ಜ್ವರದ ಬಾಯಾರಿಕೆಗೆ ಹೇಳಿದ ಷಡಂಗಪಾನೀಯದ ಆರು ದ್ರವ್ಯಗಳಲ್ಲಿ ಚಂದನದೊಂದಿಗೆ ಉಶೀರವೂ ಒಂದು. ಗಂಧಯುಕ್ತಿಯಲ್ಲಿ ಅದು ಸಂಯೋಜನೆಯ ಸಾಮಗ್ರಿ. ವರಾಹಮಿಹಿರನು ಹದಿನಾರು ದ್ರವ್ಯಗಳನ್ನು ನಾಲ್ಕು ನಾಲ್ಕಾಗಿ, ಭಾಗಗಳನ್ನು ಬದಲಿಸುತ್ತ ಕೂಡಿಸಿದರೆ ದೊರೆಯುವ ಗಂಧಗಳ ಸಂಖ್ಯೆಯನ್ನು ೧,೭೪,೭೨೦ ಎಂದು ಲೆಕ್ಕಹಾಕುತ್ತಾನೆ. ಗಣಿತದ ಇತಿಹಾಸಕಾರರೂ ಗಮನಿಸಿರುವ ಈ ಲೆಕ್ಕದ ಹದಿನಾರರಲ್ಲಿ ಉಶೀರವೂ ಸೇರಿದೆ.

ಕರ್ನಾಟಕದ ಆಕರಗಳೂ ಈ ಪರಂಪರೆಯಲ್ಲಿ ಮುಖ್ಯವಾದವು. ಸುಮಾರು ೧೦೨೫ರಲ್ಲಿ ರಚಿತವಾದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ವು ಜಲಶೋಧನೆ, ವೃಕ್ಷಾಯುರ್ವೇದ, ಪಾಕ, ವೈದ್ಯಗಳ ಜೊತೆಗೆ ಸುಗಂಧದ್ರವ್ಯಗಳ ತಯಾರಿಕೆಗೂ ಅಧ್ಯಾಯವೊಂದನ್ನು ಮೀಸಲಿಟ್ಟಿದೆ. ಸುಗಂಧವಿದ್ಯೆ ಅಡುಗೆ, ಬೇಸಾಯಗಳ ಮಗ್ಗುಲಲ್ಲಿಯೇ ಕನ್ನಡದಲ್ಲಿ ಹೇಳತಕ್ಕ ಲೋಕವಿದ್ಯೆಯಾಗಿತ್ತು ಎಂಬುದಕ್ಕೆ ಇದು ಸಾಕ್ಷಿ. ಕಲ್ಯಾಣದಿಂದ ಆಳಿದ ಚಾಲುಕ್ಯ ಮೂರನೆಯ ಸೋಮೇಶ್ವರನು (೧೧೨೬–೧೧೩೮) ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ವು ಅರಸನ ಉಪಭೋಗಗಳಲ್ಲಿ ವಿಲೇಪನ, ಧೂಪ, ಪಾನೀಯಗಳಿಗೆ ಪ್ರತ್ಯೇಕ ಸ್ಥಾನ ಕೊಟ್ಟಿದೆ. ಕಂಪು ಮೈಯಲ್ಲಿ, ಹೊಗೆಯಲ್ಲಿ, ನೀರಿನಲ್ಲಿ ಬೇರೆ ಬೇರೆಯಾಗಿ ವರ್ತಿಸುತ್ತದೆ ಎಂಬ ಅರಿವು ಈ ವಿಂಗಡಣೆಯ ಹಿಂದಿದೆ.

ಕಾವ್ಯದಲ್ಲಿ ಉಶೀರಕ್ಕೆ ದೊರೆತ ಸಂದರ್ಭ ಇನ್ನೂ ನಿರ್ದಿಷ್ಟವಾದುದು. ಕಾಳಿದಾಸನ ಶಾಕುಂತಲದ ಮೂರನೆಯ ಅಂಕದ ಆರಂಭದಲ್ಲಿ ಪ್ರಿಯಂವದೆ ಉಶೀರದ ಲೇಪವನ್ನೂ ತಾವರೆಯೆಲೆಗಳನ್ನೂ ಹಿಡಿದು ಹೋಗುತ್ತಿರುವುದಾಗಿ ಸೂಚನೆಯಿದೆ. ಶಕುಂತಲೆಗೆ ಬಿಸಿಲಿನ ಬಾಧೆ ಎಂದು ಹೊರಗಿನವರ ತಿಳಿವಳಿಕೆ. ಅದು ವಿರಹದ ತಾಪ ಎಂದು ಪ್ರೇಕ್ಷಕರ ಅರಿವು. ಒಂದೇ ಲೇಪ ಎರಡು ಬಗೆಯ ಉರಿಗೂ ಉತ್ತರವಾಗಿ ನಿಂತಿದೆ. ಇಲ್ಲಿ ಉಶೀರವನ್ನು ‘ಒಂದು ಬಗೆಯ ಸುಗಂಧದ್ರವ್ಯ’ ಎಂದಷ್ಟೇ ವಿವರಿಸಿದರೆ ನಾಟಕದ ಈ ದ್ವಂದ್ವಾರ್ಥ ವಿದ್ಯಾರ್ಥಿಗೆ ಮುಟ್ಟುವುದಿಲ್ಲ. ಆಕೆಗೆ ಬೇಕಾದುದು ಅಲಂಕಾರದ ಕಂಪಲ್ಲ, ತಂಪು. ಕನ್ನಡದಲ್ಲಿ ‘ಕಂಪು’, ‘ತಂಪು’ಗಳು ಪ್ರಾಸಪದಗಳು, ಲಾವಂಚದಲ್ಲಿ ಅವು ಒಂದೇ ಅನುಭವದ ಎರಡು ಮುಖಗಳು.

೩. ಕಂಪಿನ ಸ್ವರೂಪ

ಲಾವಂಚದ ಬೇರುಗಳು ಪಕ್ಕಕ್ಕೆ ಹರಡದೆ ನೇರವಾಗಿ ಕೆಳಗಿಳಿಯುತ್ತವೆ. ಅನುಕೂಲವಾದ ನೆಲದಲ್ಲಿ ಮೂರು ಮೀಟರಿನಷ್ಟು ಆಳಕ್ಕೂ ಹೋಗುತ್ತವೆ. ಸುಮಾರು ಒಂದೂವರೆ ವರ್ಷ ಬೆಳೆದ ಮೇಲೆ ಗಿಡವನ್ನು ಬುಡಸಹಿತ ಅಗೆದು, ಬೇರನ್ನು ತೊಳೆದು, ಒಣಗಿಸಿ ಬಟ್ಟಿಗೆ ಹಾಕುತ್ತಾರೆ. ಉತ್ತರಪ್ರದೇಶದ ಕನೌಜಿನಲ್ಲಿ ತಾಮ್ರದ ಹಂಡೆ, ಬಿದಿರಿನ ಕೊಳವೆ, ನೀರಿನಲ್ಲಿ ಮುಳುಗಿಸಿಟ್ಟ ಸಂಗ್ರಹಪಾತ್ರೆಗಳ ಹಳೆಯ ವಿಧಾನ ಇಂದಿಗೂ ನಡೆದಿದೆ. ಬೇರಿನ ಶುದ್ಧ ತೈಲಕ್ಕೆ ಅಲ್ಲಿ ‘ರೂಹ್ ಖಸ್’ ಎಂದು ಹೆಸರು. ತಾಮ್ರದ ಸಂಪರ್ಕದಿಂದ ಅದಕ್ಕೆ ಹಸಿರು ಛಾಯೆ ಬರುತ್ತದೆ. ಶ್ರೀಗಂಧದೆಣ್ಣೆಯಂತಹ ಆಧಾರತೈಲದೊಳಗೆ ಕಂಪನ್ನು ಇಳಿಸಿದರೆ ಅದು ಅತ್ತರು. ಅದೇ ಊರಿನಲ್ಲಿ ಸುಟ್ಟ ಜೇಡಿಮಣ್ಣನ್ನೇ ಬಟ್ಟಿಯಿಳಿಸಿ ಮೊದಲ ಮಳೆಯ ವಾಸನೆಯ ‘ಮಿಟ್ಟಿ ಅತ್ತರ್’ ಮಾಡುತ್ತಾರೆ. ಮಳೆ ಬಿದ್ದ ನೆಲದ ಈ ಕಂಪಿಗೆ ಆಸ್ಟ್ರೇಲಿಯದ ವಿಜ್ಞಾನಿಗಳಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ೧೯೬೪ರಲ್ಲಿ ‘ಪೆಟ್ರಿಕೋರ್’ ಎಂಬ ಹೆಸರನ್ನು ಟಂಕಿಸಿದರು. ಆ ಹೆಸರು ಹುಟ್ಟುವ ಮೊದಲೇ ಆ ವಸ್ತುವನ್ನು ಸೀಸೆಯಲ್ಲಿ ಹಿಡಿದಿಡುವ ಕಸುಬು ಇಲ್ಲಿ ಬೆಳೆದಿತ್ತು.

ಲಾವಂಚದ ತೈಲ ಮಂದವಾದುದು, ನಿಧಾನವಾಗಿ ಆರುವಂಥದು. ನೂರಕ್ಕೂ ಹೆಚ್ಚು ಘಟಕಗಳ ಈ ಸಂಕೀರ್ಣ ತೈಲದಲ್ಲಿ ಖುಸಿಮಾಲ್, ವೆಟಿವೋನ್ ಮೊದಲಾದ ಭಾರವಾದ ಅಣುಗಳು ಪ್ರಧಾನವಾಗಿವೆ. ಬಹುಕಾಲ ಇವನ್ನೇ ಲಾವಂಚದ ಕಂಪಿಗೆ ಕಾರಣವೆಂದು ಭಾವಿಸಲಾಗಿತ್ತು. ೨೦೨೧ರಲ್ಲಿ ಬೆಂಜಮಿನ್ ಲಿಸ್ಟ್, ಫಿಲಿಪ್ ಕ್ರಾಫ್ಟ್ ಮತ್ತು ಸಹಸಂಶೋಧಕರು ಘಟಕಗಳನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿ ನೋಡಿ, ಆ ವಿಶಿಷ್ಟ ವಾಸನೆಗೆ ನಿಜವಾದ ಕಾರಣ ತೈಲದಲ್ಲಿರುವ ಗೌಣ ಘಟಕವೊಂದು ಎಂದು ತೋರಿಸಿದರು. ಪ್ರಮಾಣದಲ್ಲಿ ಹೆಚ್ಚಾದುದೇ ಗುಣದಲ್ಲಿ ಪ್ರಧಾನವಲ್ಲ ಎಂಬ ಈ ತೀರ್ಮಾನ ಕಾವ್ಯಮೀಮಾಂಸೆಯನ್ನು ಓದಿದವರಿಗೆ ಅಪರಿಚಿತವಾಗಿ ತೋರಲಾರದು.

೪. ಧರಿಸುವ ಬಗೆ

ಕನ್ನಡದಲ್ಲಿ ಧರಿಸುವ ಕ್ರಿಯೆಗೆ ಒಂದೇ ಪದವಿಲ್ಲ. ಬಟ್ಟೆಯನ್ನು ಉಡುತ್ತಾರೆ, ಒಡವೆಯನ್ನು ತೊಡುತ್ತಾರೆ, ಹೂವನ್ನು ಮುಡಿಯುತ್ತಾರೆ, ಗಂಧವನ್ನು ಪೂಸುತ್ತಾರೆ. ಲಾವಂಚದ ವಿಶೇಷವೆಂದರೆ ಅದು ಇವುಗಳಲ್ಲಿ ಹಲವಕ್ಕೆ ಒಗ್ಗುತ್ತದೆ. ತೇಯ್ದು ಪೂಸಬಹುದು, ಕೂದಲೆಣ್ಣೆಯಲ್ಲಿ ನೆನೆಸಿ ತಲೆಗೆ ಹಚ್ಚಬಹುದು, ಮಾಲೆಯಾಗಿ ಹೆಣೆದು ಕೊರಳಿಗೆ ಹಾಕಬಹುದು. ಕರಾವಳಿಯ ತೀರ್ಥಕ್ಷೇತ್ರಗಳ ಅಂಗಡಿಗಳಲ್ಲಿ ಲಾವಂಚದ ಮಾಲೆ, ಬೀಸಣಿಗೆಗಳು ಇಂದಿಗೂ ದೊರೆಯುತ್ತವೆ. ರೇಷ್ಮೆ ಸೀರೆಗಳ ಮಡಿಕೆಯಲ್ಲಿ ಬೇರಿನ ಕಟ್ಟನ್ನಿಡುವುದು, ಕುಡಿಯುವ ನೀರಿನ ಮಡಕೆಯಲ್ಲಿ ಅದನ್ನು ಇಳಿಬಿಡುವುದು ಗೃಹಕೃತ್ಯದ ಭಾಗವಾಗಿ ಉಳಿದುಬಂದಿವೆ. ಮನೆಗೇ ಲಾವಂಚವನ್ನು ಉಡಿಸುವ ಪದ್ಧತಿಯೂ ಇತ್ತು: ಬಾಗಿಲು ಕಿಟಕಿಗಳಿಗೆ ಬೇರಿನ ತಟ್ಟಿಗಳನ್ನು ಕಟ್ಟಿ ನೀರು ಚಿಮುಕಿಸಿದರೆ, ಆವಿಯಾಗುವ ನೀರು ಗಾಳಿಯ ಬಿಸಿಯನ್ನು ಹೀರುತ್ತದೆ, ನೆನೆದ ಬೇರು ಕಂಪನ್ನು ಬಿಡುತ್ತದೆ. ಅಕ್ಬರನ ಕಾಲದ ಇಂತಹ ಖಸ್‌ಖಾನೆಗಳನ್ನು ಅಬುಲ್ ಫಜಲನು ‘ಐನ್-ಎ-ಅಕ್ಬರಿ’ಯಲ್ಲಿ ದಾಖಲಿಸಿದ್ದಾನೆ.

ಮೈಗೆ ಧರಿಸುವಾಗ ಅನುಸರಿಸಬೇಕಾದ ಕ್ರಮ ಈ ಸ್ವಭಾವದಿಂದಲೇ ಹುಟ್ಟುತ್ತದೆ. ತೈಲ ತೀಕ್ಷ್ಣವಾದ್ದರಿಂದ ಒಂದು ಹನಿಗಿಂತ ಹೆಚ್ಚು ಬೇಕಾಗುವುದಿಲ್ಲ. ಅದನ್ನೂ ಬೇರೆ ಎಣ್ಣೆಯಲ್ಲಿ ತೆಳುಮಾಡಿಕೊಳ್ಳುವುದು ಒಳಿತು. ಮಣಿಕಟ್ಟು, ಕೊರಳ ಪಕ್ಕ, ಕಿವಿಯ ಹಿಂಭಾಗಗಳಲ್ಲಿ ಮೈಯ ಬಿಸಿ ಕಂಪನ್ನು ನಿಧಾನವಾಗಿ ಏಳಿಸುತ್ತದೆ. ಅತ್ತರಿನಲ್ಲಿ ಅದ್ದಿದ ಹತ್ತಿಯ ಎಳೆಯನ್ನು ಕಿವಿಯ ಮಡಿಕೆಯಲ್ಲಿ ಸಿಕ್ಕಿಸುವ ಹಳೆಯ ರೂಢಿಯ ಹಿಂದೆಯೂ ಇದೇ ತರ್ಕವಿದೆ. ಬಿಳಿಯ ಬಟ್ಟೆಯ ಮೇಲೆ ತೈಲ ಕಲೆ ಬಿಡುತ್ತದೆ. ಬೆವರು ಬರುವ ಬೇಸಗೆ ಹೂವಿನ ಪರಿಮಳಗಳಿಗೆ ಪ್ರತಿಕೂಲ, ಲಾವಂಚಕ್ಕೆ ಅನುಕೂಲ. ಘಾಟಾದ ಹೂವಿನ ಕಂಪಿನ ಜೊತೆ ಸೇರಿಸಿದರೆ ಲಾವಂಚ ಹಿನ್ನೆಲೆಗೆ ಸರಿದು ಅದನ್ನು ಹಿಡಿದು ನಿಲ್ಲಿಸುವ ಕೆಲಸವನ್ನಷ್ಟೇ ಮಾಡುತ್ತದೆ. ಗಂಧಕಾರರು ಇದನ್ನು ಬಹುಮಟ್ಟಿಗೆ ಬಳಸುವುದೂ ಹೀಗೆ ಆಧಾರಗಂಧವಾಗಿಯೇ.

ಲಾವಂಚವನ್ನು ಆಧಾರದ ಸ್ಥಾನದಿಂದ ಮುಖ್ಯಸ್ಥಾನಕ್ಕೆ ತಂದದ್ದು ಇಪ್ಪತ್ತನೆಯ ಶತಮಾನದ ಫ್ರೆಂಚ್ ಸುಗಂಧೋದ್ಯಮ. ೧೯೫೭ರಲ್ಲಿ ಕಾರ್ವೆನ್ ಸಂಸ್ಥೆ, ಅದರ ಬೆನ್ನಲ್ಲೇ ಗೆರ್ಲಾಂ ಸಂಸ್ಥೆ ‘ವೆಟಿವರ್’ ಹೆಸರಿನಲ್ಲಿಯೇ ಸುಗಂಧಗಳನ್ನು ಹೊರತಂದವು. ನಿಂಬೆ ಜಾತಿಯ ಹಣ್ಣುಗಳ ತಿಳಿಗಂಪನ್ನು ಮುಂದಿಟ್ಟು ಬೇರಿನ ಮಣ್ಣನ್ನು ಹಗುರಗೊಳಿಸಿದ ರಚನೆಗಳು ಇವು. ಅದಕ್ಕೆ ವಿರುದ್ಧವಾಗಿ ಲಾಲಿಕ್ ಸಂಸ್ಥೆಯ ‘ಆಂಕ್ರ್ ನುವಾರ್’ (೨೦೦೬) ಬೇರಿನ ಕಪ್ಪು, ಹೊಗೆ, ತೇವಗಳನ್ನೇ ಎತ್ತಿ ತೋರಿಸಿತು. ಇಂತಹ ಸುಗಂಧಗಳಿಗೆ ಬೇಕಾದ ತೈಲದ ಬಹುಭಾಗ ಇಂದು ಹೈಟಿಯಿಂದ ಬರುತ್ತದೆ. ಹೈಟಿಯ ತೈಲ ತಿಳಿಯಾದುದು, ಜಾವಾದ್ದು ಹೊಗೆಯ ಛಾಯೆಯದು, ಉತ್ತರ ಭಾರತದ ಕಾಡು ಲಾವಂಚದ್ದು ಹೆಚ್ಚು ಗಾಢವೂ ಮಣ್ಣಿನದೂ ಆದುದು ಎಂಬುದು ಗಂಧಕಾರರ ಸಾಮಾನ್ಯ ಅಭಿಪ್ರಾಯ. ಒಂದೇ ಬೇರು ನೆಲ ಬದಲಾದಂತೆ ನುಡಿ ಬದಲಿಸುತ್ತದೆ.

೫. ಆಸ್ವಾದದ ಪರಿಭಾಷೆ

ಹೂವಿನ ಕಂಪು ಬಂದೊಡನೆ ತನ್ನನ್ನು ಪೂರ್ತಿಯಾಗಿ ಹೇಳಿಕೊಳ್ಳುತ್ತದೆ. ಲಾವಂಚವನ್ನು ಅರಿಯಲು ಕಾಲ ಬೇಕು. ಒಣಬೇರನ್ನು ಮೂಸಿದರೆ ಸಿಗುವುದು ಅಲ್ಪ; ನೀರು ಚಿಮುಕಿಸಿ ಕಾಯಬೇಕು. ತೈಲವನ್ನು ಮಣಿಕಟ್ಟಿಗೆ ಹಚ್ಚಿದರೆ ಮೊದಲು ಹಸಿ, ಒಗರು, ಆಗತಾನೆ ಕಿತ್ತ ನೆಲಗಡಲೆಯ ಸಿಪ್ಪೆಗೆ ಅಂಟಿದ ಮಣ್ಣಿನ ವಾಸನೆ. ಅರ್ಧ ಗಂಟೆ ಕಳೆದ ಮೇಲೆ ಹಸಿತನ ಇಳಿದು ಒಣಮರದ, ತೆಳುವಾದ ಹೊಗೆಯ ಛಾಯೆ. ಕೆಲವು ಗಂಟೆಗಳ ಅನಂತರ ಉಳಿಯುವುದು ನಯವಾದ, ಮೈಗೇ ಸೇರಿದಂತಿರುವ ಸಣ್ಣ ಸಿಹಿ. ಸತತವಾಗಿ ಮೂಸುತ್ತಿದ್ದರೆ ಮೂಗು ಒಗ್ಗಿಕೊಂಡು ಏನೂ ತಿಳಿಯದಂತಾಗುತ್ತದೆ. ಬಿಟ್ಟು ಬಿಟ್ಟು ಮೂಸಬೇಕು. ಮೊದಲ ಘಟ್ಟದಲ್ಲಿಯೇ ತೀರ್ಪು ಕೊಟ್ಟವರಿಗೆ ಲಾವಂಚ ಒಲಿಯುವುದಿಲ್ಲ.

ಈ ಘಟ್ಟಗಳನ್ನು ಹೇಳಲು ಕನ್ನಡದಲ್ಲಿ ಪದಗಳ ಕೊರತೆಯಿಲ್ಲ. ಕಂಪು, ಪರಿಮಳ, ಘಮ, ಸೊಗಡು, ಘಾಟು, ಕಮಟು, ಕಮರು, ಮುಗ್ಗಲು ಎಂಬ ಪದಗಳು ಒಂದರ ಬದಲು ಒಂದು ಬಾರದಷ್ಟು ಖಚಿತವಾಗಿವೆ. ಕಮರು ಸೀದದ್ದರ ವಾಸನೆ; ಮುಗ್ಗಲು ತೇವದಲ್ಲಿ ಕೆಟ್ಟದ್ದರ ವಾಸನೆ. ಸೊಗಡು ವಸ್ತುವಿನ ಮೂಲದಿಂದ ಬಿಡದೆ ಬರುವ ಗಾಢ ವಾಸನೆ, ತೊಳೆದರೂ ಹೋಗದು. ಲಾವಂಚಕ್ಕೆ ಅತ್ಯಂತ ಒಪ್ಪುವ ಪದ ಇದೇ. ಕೆಲವು ಪದಗಳು ಮಾತ್ರ ಕಾಲಾಂತರದಲ್ಲಿ ಕುಗ್ಗಿವೆ. ಹಳಗನ್ನಡದಲ್ಲಿ ‘ನಾಱು’ ಒಳ್ಳೆಯ, ಕೆಟ್ಟ ಎರಡೂ ವಾಸನೆಗೆ ಸಲ್ಲುತ್ತಿತ್ತು. ಇಂದಿನ ‘ನಾರು’ ದುರ್ವಾಸನೆಗಷ್ಟೇ ಉಳಿದಿದೆ. ಮತ್ತೊಂದು ಕಡೆ ‘ಗಂಧ’ ಎಂಬ ಸಾಮಾನ್ಯ ಪದ ಚಂದನಕ್ಕೇ ಮೀಸಲಾಗಿ, ಶ್ರೀಗಂಧದ ನಾಡಿನಲ್ಲಿ ಉಳಿದ ಗಂಧಗಳು ನೆರಳಿಗೆ ಸರಿದಿವೆ. ‘ವಾಸನೆ’ ಎಂಬ ಪದಕ್ಕಾದರೋ ಅನುಭವ ಕಳೆದ ಮೇಲೂ ಮನಸ್ಸಿನಲ್ಲಿ ಉಳಿಯುವ ಸಂಸ್ಕಾರ ಎಂಬ ದಾರ್ಶನಿಕ ಅರ್ಥವೂ ಇದೆ. ಎರಡನೆಯ ದಿನವೂ ಬಟ್ಟೆಯಲ್ಲಿ ಉಳಿಯುವ ಲಾವಂಚದಲ್ಲಿ ಈ ಎರಡು ಅರ್ಥಗಳು ಒಂದಾಗುತ್ತವೆ.

೬. ನೆಲದ ಪ್ರಶ್ನೆ

ಈ ಕಂಪಿಗೆ ಒಂದು ಬೆಲೆಯಿದೆ. ಹೂವನ್ನು ಕೊಯ್ದರೆ ಗಿಡ ಉಳಿಯುತ್ತದೆ. ಲಾವಂಚದ ಕಂಪಿಗಾಗಿ ಗಿಡವನ್ನೇ ಕಿತ್ತು ನೆಲವನ್ನು ಅಗೆಯಬೇಕು. ಆದರೆ ಮಣ್ಣನ್ನು ಹಿಡಿದಿಡುವುದರಲ್ಲಿ ಇದಕ್ಕೆ ಸಮನಾದ ಹುಲ್ಲು ವಿರಳ. ೧೯೮೦ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿತಜ್ಞರು ಮಣ್ಣಿನ ಸವಕಳಿ ತಡೆಯಲು ಲಾವಂಚದ ಬೇಲಿಯನ್ನು ಪ್ರಚಾರ ಮಾಡತೊಡಗಿದಾಗ ಅವರು ಎತ್ತಿ ತೋರಿಸಿದ ಉದಾಹರಣೆಗಳಲ್ಲಿ ಗುಂಡ್ಲುಪೇಟೆಯ ಹೊಲಗಳೂ ಸೇರಿದ್ದವು. ಅಲ್ಲಿನ ರೈತರು ತಲೆಮಾರುಗಳಿಂದ ಲಾವಂಚದ ಸಾಲನ್ನು ಹೊಲದ ಎಲ್ಲೆಯಾಗಿ ಕಾಪಾಡಿಕೊಂಡು ಬಂದಿದ್ದರು. ಒಂದೇ ಬೇರು ಇಳಿಜಾರಿನ ಎಲ್ಲೆಯಲ್ಲಿದ್ದರೆ ಮಣ್ಣಿನ ಕಾವಲು, ಬಟ್ಟಿಯಲ್ಲಿದ್ದರೆ ಮಣ್ಣಿನ ಕಂಪು. ಎರಡನ್ನೂ ಒಂದೇ ಸಾಲಿನಿಂದ ಪಡೆಯಲಾಗದು. ಕಂಪಿನ ಬೆಳೆಗೆ ಸಮತಟ್ಟಾದ, ಮರಳುಮಿಶ್ರಿತ ನೆಲವನ್ನು ಆರಿಸಿಕೊಂಡು, ಇಳಿಜಾರಿನ ಸಾಲುಗಳನ್ನು ಮುಟ್ಟದಿರುವುದೇ ಈ ಬೇರನ್ನು ಮೆಚ್ಚುವವರು ಬೆಂಬಲಿಸಬೇಕಾದ ವಿವೇಕ.

ಮೇಲಿನ ಪರಿಶೀಲನೆಯಿಂದ ಮೂರು ಸಂಗತಿಗಳು ಸ್ಪಷ್ಟವಾಗುತ್ತವೆ. ಮೊದಲನೆಯದಾಗಿ, ಲಾವಂಚವನ್ನು ‘ಸುಗಂಧದ್ರವ್ಯ ವಿಶೇಷ’ ಎಂದು ಬರೆದು ಮುಗಿಸುವ ಟಿಪ್ಪಣಿಯ ಪದ್ಧತಿ ಸಾಲದು. ಬೇರು, ಬೇಸಗೆ, ತಾಪಶಮನ ಎಂಬ ಮೂರು ಸೂಚನೆಗಳಾದರೂ ಟಿಪ್ಪಣಿಯಲ್ಲಿ ಇರಬೇಕು. ಎರಡನೆಯದಾಗಿ, ಉಶೀರ, ಬಾಳಗಳ ಭೇದವನ್ನು ಸಂದರ್ಭಾನುಸಾರ ನಿರ್ಣಯಿಸಬೇಕು. ಮೂರನೆಯದಾಗಿ, ‘ಮಣ್ಣಿನ ವಾಸನೆ’ ಎಂಬ ವಿಮರ್ಶೆಯ ಮಾತು ಮತ್ತೆ ಹುರುಪು ಪಡೆಯಬೇಕಾದರೆ ಅದರ ಇಂದ್ರಿಯಮೂಲದ ಪರಿಚಯ ಬೇಕು. ಇದಕ್ಕೆ ದೊಡ್ಡ ಸಲಕರಣೆ ಬೇಕಾಗಿಲ್ಲ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ಒಂದು ಹಿಡಿ ಬೇರು, ಒಂದು ಲೋಟ ನೀರು ಸಾಕು. ಶಾಕುಂತಲದ ಮೂರನೆಯ ಅಂಕವನ್ನು ಪಾಠ ಮಾಡುವ ದಿನ ತರಗತಿಯಲ್ಲಿ ಆ ಬೇರನ್ನು ನೆನೆಸಿಟ್ಟರೆ, ಅಂಕ ಮುಗಿಯುವಷ್ಟರಲ್ಲಿ ಕಂಪು ಕೋಣೆಯನ್ನು ತುಂಬಿರುತ್ತದೆ. ಪ್ರಿಯಂವದೆಯ ಕೈಯಲ್ಲಿದ್ದ ಲೇಪಕ್ಕೆ ಬೇರೆ ಟಿಪ್ಪಣಿ ಬೇಕಾಗುವುದಿಲ್ಲ.